ಜ್ವರಕ್ಕೊಂದು ಮೊಟ್ಟೆ

ಪರದೇಶಕ್ಕೆ ಹೋದವರು ಮೊದಲು ನಮಸ್ಕಾರ, ಧನ್ಯವಾದ, ‘ಎಷ್ಟು?’ ಇವನ್ನು ಕಲಿಯುತ್ತಾರಂತೆ. ನಮ್ಮ ಮನೆತನದ ಕ್ರಮ ಬೇರೆ. ಯಾವ ಊರಿಗೆ ಹೋಗಲಿ, ಡಾಕ್ಟರು ಯಾರು, ಔಷಧದಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತೆ ಎಂದು ವಿಚಾರಿಸಿಕೊಂಡ ಮೇಲೆಯೇ ನಾವು ಪೆಟ್ಟಿಗೆ ಬಿಚ್ಚುವುದು. ಹಾಗಾಗಿ ಕೆಲಸದ ಮೇಲೆ ಲಾವೋಸಿನ ವಿಯೆಂಟಿಯಾನ್‌ಗೆ ಬಂದಿಳಿದವನು, ಮೈ ಗಟ್ಟಿಮುಟ್ಟಾಗಿರುವಾಗಲೇ ‘ಹುಷಾರಿಲ್ಲ’ ಅನ್ನುವುದನ್ನು ಲಾವೋ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಲು ಹೊರಟೆ. ಗುರು, ಬಾಡಿಗೆ ಮನೆಯ ಒಡತಿ. ನಾವು ದೊಡ್ಡಮ್ಮ ಅನ್ನುವ ಕಡೆ ಅಲ್ಲಿ ‘ಪಾ’ ಅನ್ನುತ್ತಾರೆ. ಸ್ವರ ಸ್ವಲ್ಪ ಜಾರಿದರೆ ದೊಡ್ಡಮ್ಮ ಹೋಗಿ ಮೀನಾಗುತ್ತಾರೆ, ಇನ್ನೂ ಜಾರಿದರೆ ಕಾಡಾಗುತ್ತಾರೆ.

ಶುರುವೇನೋ ಸಲೀಸು. ಇಡೀ ದೇಶ ಒಬ್ಬರಿಗೊಬ್ಬರು ‘ಸಬಾಯ್ದೀ’ ಎನ್ನುತ್ತದೆ, ಕ್ಷೇಮ ಎಂದು. ಅದರ ಬಾಲ ಕತ್ತರಿಸಿ ಮುಂದೆ ಒಂದು ‘ಬೊ’ ಸೇರಿಸಿದರೆ ಕ್ಷೇಮ ಕೆಟ್ಟಿತು: ‘ಖೊಯ್ ಬೊ ಸಬಾಯ್’, ನನಗೆ ಹುಷಾರಿಲ್ಲ. ಏನು ಹುಷಾರಿಲ್ಲ ಎಂದು ಕೇಳಿದಾಗಲೇ ಕಷ್ಟ. ಲಾವೋ ಭಾಷೆಯಲ್ಲಿ ಮಾತಿನ ಏರಿಳಿತವೇ ಅರ್ಥ. ವಿಯೆಂಟಿಯಾನಿನ ಮಾತಿಗೆ ಅಂಥ ಸ್ವರಗಳು ಐದೋ ಆರೋ ಎಂದು ಭಾಷಾವಿದ್ವಾಂಸರೇ ಇನ್ನೂ ಚರ್ಚಿಸುತ್ತಿದ್ದಾರೆ. ನೆಗಡಿ ಹಿಡಿದವನ ಪಾಡೇನು?

‘ಖೈ’ ಎಂದರೆ ಜ್ವರ. ಬೇರೆ ಸ್ವರದಲ್ಲಿ ಅದೇ ‘ಖೈ’ ಮೊಟ್ಟೆ. ಅಲ್ಲಿನ ಮಕ್ಕಳ ವರ್ಣಮಾಲೆಯಲ್ಲಿ ಖ ಅಕ್ಷರದ ಪಕ್ಕ ಮೊಟ್ಟೆಯ ಚಿತ್ರ, ಞ ಅಕ್ಷರದ ಪಕ್ಕ ಸೊಳ್ಳೆಯ ಚಿತ್ರ. ನಮ್ಮ ಙ, ಞ ಒಂದನೇ ಕ್ಲಾಸು ಮುಗಿದದ್ದೇ ಪಿಂಚಣಿ ತಗೊಂಡು ಜಗುಲಿ ಮೇಲೆ ಕೂತವು. ಅಲ್ಲಿ ಅವಕ್ಕೆ ಬಿಡುವೇ ಇಲ್ಲ: ಙುವಾ ಅಂದರೆ ಹಸು, ಞುಂಗ್ ಅಂದರೆ ಸೊಳ್ಳೆ. ಖೈ ಞುಂಗ್ ಮಲೇರಿಯಾ. ಅದಕ್ಕೆ ‘ಪೆನ್’ ಸೇರಿಸಿದರೆ ಮಲೇರಿಯಾ ಬಂದಿದೆ ಎಂದಾಯಿತು. ಆದರೆ ಪೆನ್ ಎಂದರೆ ‘ಆಗಿದ್ದೇನೆ’ ಎಂತಲೂ ಹೌದು. ದನಿ ತಪ್ಪಿತೋ, ಡಾಕ್ಟರ ಮುಂದೆ ಕೂತು ‘ನಾನು ಸೊಳ್ಳೆ ಮೊಟ್ಟೆ’ ಎಂದು ಘನವಾಗಿ ಸಾರಿದಂತೆ.

ಒಂದು ಕಡೆ ಮಾತ್ರ ಕನ್ನಡಿಗ ಗೆಲ್ಲುತ್ತಾನೆ. ‘ಹಕ್’ ಪ್ರೀತಿ, ‘ಹಾಕ್’ ವಾಂತಿ. ಕಾಗುಣಿತ ತಿದ್ದಿ ಬಂದ ನಮಗೆ ಹ್ರಸ್ವ ದೀರ್ಘ ಯಾವ ಲೆಕ್ಕ! (ಪ್ರೀತಿಯನ್ನು ಜಾಸ್ತಿ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಭಾಷ್ಯ ಬೇಡವೆಂದು ನನ್ನ ಹೆಂಡತಿಯ ಅಭಿಪ್ರಾಯ.)

ನನ್ನನ್ನು ನಿಜಕ್ಕೂ ಕಾಡಿದ್ದು ಸ್ವರವಲ್ಲ, ಬಡತನ. ನಮ್ಮ ಕಡೆ ಹುಷಾರಿಲ್ಲ ಅನ್ನುವುದು ಬರೀ ಪೀಠಿಕೆ. ಮೊನ್ನೆ ಮದುವೆಮನೆಯಲ್ಲಿ ಉಂಡ ಹುಳಿಯಿಂದ ಕಥೆ ಶುರುವಾಗಬೇಕು. ರಾತ್ರಿ ನಿದ್ದೆ ಹತ್ತಲಿಲ್ಲ, ಬೆಳಗ್ಗೆ ಎದ್ದರೆ ತಲೆ ಧಿಂ ಅಂತು, ಮೈಕೈ ಹಿಂಡಿ ಹಾಕಿದೆ, ಬಾಯೆಲ್ಲ ಕಹಿ, ಹೊಟ್ಟೆ ತೊಳೆಸುತ್ತೆ. ಕೇಳುವವರು ನಡುನಡುವೆ ‘ಅಯ್ಯೋ’ ಎನ್ನಬೇಕು, ‘ಪಿತ್ತ ಇರ್ಬೇಕು ಕಣೋ’ ಎನ್ನಬೇಕು. ಇಷ್ಟಾದರೇನೇ ಕಾಯಿಲೆ ಬಿದ್ದದ್ದಕ್ಕೆ ಸಾರ್ಥಕ. ಲಾವೋದಲ್ಲಿ ನನ್ನ ಬಂಡವಾಳ ಚೆಪ್ ಹುವಾ, ಚೆಪ್ ಥೊಂಗ್, ತಲೆನೋವು, ಹೊಟ್ಟೆನೋವು. ಪುರಾಣ ಮುಗಿಯಿತು, ಮಂಗಳಾರತಿ ತಗೊಳ್ಳಿ.

ಸಾಲದ್ದಕ್ಕೆ ಆ ನಾಡಿನ ಮರ್ಯಾದೆಯೂ ಅಡ್ಡ ಬಂತು. ‘ಪೆನ್ ಞಂಗ್?’ ಎಂದರೆ ಏನಾಗಿದೆ ಎಂದು. ಅದರ ಜೋಡಿ ‘ಬೊ ಪೆನ್ ಞಂಗ್’, ಏನಿಲ್ಲ, ಪರವಾಗಿಲ್ಲ. ಬಸ್ಸು ತಪ್ಪಿದರೂ ಇದೇ, ಮೈಮೇಲೆ ಸಾರು ಚೆಲ್ಲಿದರೂ ಇದೇ. ಇಪ್ಪತ್ತನಾಲ್ಕು ಗಂಟೆಯೂ ಕಿವಿಗೆ ಬಿದ್ದು ಬಿದ್ದು ಅದು ನನ್ನ ನಾಲಿಗೆಗೂ ಅಂಟಿತ್ತು.

ಮಳೆಗಾಲದಲ್ಲಿ ಜ್ವರ ಬಂದೇ ಬಂತು. ಮೂಗು ಕಟ್ಟಿತು, ವಿದ್ವಾಂಸರ ಐದೋ ಆರೋ ಸ್ವರಗಳು ಒಂದೇ ಗೊರಗೊರದಲ್ಲಿ ಐಕ್ಯವಾದವು. ಲಾವೋದಲ್ಲಿ ಕಾಯಿಲೆ ಹೇಳಿಕೊಳ್ಳಲು ಪೂರ್ಣ ಆರೋಗ್ಯ ಬೇಕು. ಮಹೋಸೊತ್ ಎಂಬ ದೊಡ್ಡ ಆಸ್ಪತ್ರೆ ಆ ಊರಲ್ಲಿದೆ. ಹೆಸರಿನೊಳಗೆ ನಮ್ಮ ಮಹೌಷಧ ಕೂತಿರುವುದು ಕಂಡು ಧೈರ್ಯವಾದರೂ, ನಾನು ಹೋದದ್ದು ಬೀದಿ ಕೊನೆಯ ಸಣ್ಣ ಕ್ಲಿನಿಕ್ಕಿಗೆ. ಡಾಕ್ಟರು ‘ಪೆನ್ ಞಂಗ್?’ ಎಂದರು. ಜ್ವರದ ಮಂಪರಿನಲ್ಲೂ ನನ್ನ ಬಾಯಿ ಸಭ್ಯವಾಗಿ ‘ಬೊ ಪೆನ್ ಞಂಗ್’ ಎಂದಿತು. ಅವರು ನನ್ನನ್ನು ಬಿಟ್ಟು ಥರ್ಮಾಮೀಟರನ್ನು ಕೇಳಿದರು.

ಮಾತ್ರೆ ನುಂಗಿ ಚೇತರಿಸಿಕೊಳ್ಳುವಾಗ ಪಾ ನನಗಾಗಿ ಬಾಸೀ ಮಾಡಿಸಿದರು. ಮೈಯಲ್ಲಿ ಖ್ವನ್ ಎಂಬ ಜೀವಶಕ್ತಿಗಳು 32 ಇವೆ, ಅವು ದಾರಿ ತಪ್ಪಿ ಎಲ್ಲೋ ಅಲೆಯಲು ಹೋದರೆ ಮನುಷ್ಯ ಸೊರಗುತ್ತಾನೆ, ಕರೆದು ಕೂರಿಸಬೇಕು ಎಂಬುದು ಅಲ್ಲಿನ ನಂಬಿಕೆ. ಬಾಳೆ ಎಲೆಯ ಗೋಪುರಕ್ಕೆ ಹೂ ಚುಚ್ಚಿ, ಅದರ ಮುಂದೆ ಕೂತ ಹಿರಿಯರು ತಪ್ಪಿಸಿಕೊಂಡ ಖ್ವನ್‌ಗಳನ್ನು ರಾಗವಾಗಿ ಕರೆದರು, ಕರೆದೇ ಕರೆದರು. ನನ್ನ ಕಾಯಿಲೆಯ ಮೇಲೆ ಕೊನೆಗೂ ಒಬ್ಬರು ಅದರ ಯೋಗ್ಯತೆಗೆ ತಕ್ಕಷ್ಟು ಮಾತಾಡಿದರು! ಅರ್ಥವಾದದ್ದು ಕಾಲುಭಾಗ, ತೃಪ್ತಿ ಪೂರ್ತಿ. ಆಮೇಲೆ ನೆರೆಹೊರೆಯವರೆಲ್ಲ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು, ಮೂರು ದಿನವಾದರೂ ಬಿಚ್ಚಬಾರದೆಂದು ತಾಕೀತು ಮಾಡಿದರು. ದಾರ ಕಟ್ಟುವಾಗ ಸಂಪ್ರದಾಯದಂತೆ ಅಂಗೈಗೆ ಒಂದು ಬೇಯಿಸಿದ ಮೊಟ್ಟೆ ಇಟ್ಟರು. ಖೈ ಹೋಗಿ ಖೈ ಬಂತು. ನಾನೋ ಹುಟ್ಟಾ ಸಸ್ಯಾಹಾರಿ.

ಆ ರಾತ್ರಿ ಅಮ್ಮನಿಗೆ ಫೋನು ಮಾಡಿ, ಕೂಡಿಟ್ಟಿದ್ದ ಕನ್ನಡವನ್ನೆಲ್ಲ ಖರ್ಚು ಮಾಡಿದೆ: ತಲೆ ಧಿಂ, ಬಾಯಿ ಕಹಿ, ಮೂಗು, ಡಾಕ್ಟರು, ಹಿರಿಯರು, ದಾರ. ಅಮ್ಮ ಎಲ್ಲಕ್ಕೂ ‘ಅಯ್ಯೋ’ ಅಂದು, ಎಲ್ಲ ಮುಗಿದ ಮೇಲೆ ಕೇಳಿದ್ದು ಒಂದೇ.

“ಅದೆಲ್ಲ ಇರ್ಲಿ, ಆ ಮೊಟ್ಟೆ ಏನ್ ಮಾಡ್ದೆ?”