ಬಿಡಿಭಾಗ ಸಿಗದಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಅಭಿನಂದನೆಗಳು. ತಾವು ಸ್ವಂತ ಕೈಯಿಂದ ಡೆಸ್ಕ್‌ಟಾಪ್ ಜೋಡಿಸಲು ಕೂತಿದ್ದೀರಿ. ಡಬ್ಬಗಳನ್ನೆಲ್ಲ ಬಿಚ್ಚಿದ ಮೇಲೂ ಏನಾದರೊಂದು ಸಿಗದಿದ್ದರೆ ಈ ಪುಟ ಓದಿ. ಹೇಗೂ ಸಿಗುವುದಿಲ್ಲ, ಆದ್ದರಿಂದ ಈಗಲೇ ಓದಿ.

ಮೊದಲು ಮನೆಯವರ ಮೇಲೆ ಅನುಮಾನ ಬಿಡಿ. ಸ್ಕ್ರೂ ಪೊಟ್ಟಣವನ್ನು ಕ್ಯಾಬಿನೆಟ್ಟಿನ ಹೊಟ್ಟೆಯೊಳಗೆ, ಹಾರ್ಡ್‌ಡಿಸ್ಕ್ ಕೂರಿಸುವ ಗೂಡಿನಲ್ಲಿ ಕಟ್ಟಿಡುವುದುಂಟು. ಮದರ್‌ಬೋರ್ಡ್ ಡಬ್ಬದಲ್ಲಿ ಅಡಿಯ ರಟ್ಟನ್ನೂ ಎತ್ತಿ ನೋಡಿ. ಥರ್ಮೋಕೋಲ್ ಎಸೆಯುವ ಮುನ್ನ ಒಮ್ಮೆ ಅಲ್ಲಾಡಿಸಿ.

ಕೆಲವು ಕಾಣೆಯಾದವಲ್ಲ, ಕೊಡದೇ ಇದ್ದವು. ಈಚಿನ ಇಂಟೆಲ್ ಪ್ರೊಸೆಸರ್ ಹೆಸರಿನ ತುದಿಯಲ್ಲಿ ‘ಕೆ’ ಇದ್ದರೆ ಡಬ್ಬದಲ್ಲಿ ಫ್ಯಾನ್ ಇರುವುದಿಲ್ಲ. ‘ಎಫ್’ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರೆಗೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಎರಡೂ ಇದ್ದರೆ ಜೇಬಿನತ್ತ ನೋಡಿಕೊಳ್ಳಿ.

ಎಂ.2 ಎಸ್‌ಎಸ್‌ಡಿಯ ಸ್ಕ್ರೂ ಬರೀ 2 ಮಿಲಿಮೀಟರ್ ದಪ್ಪ. ಅದಿಲ್ಲದಿದ್ದರೆ ಸಾವಿರಾರು ರೂಪಾಯಿಯ ಡ್ರೈವ್ ಗದ್ದೆಯ ಕೊಕ್ಕರೆಯಂತೆ ಕತ್ತೆತ್ತಿ ನಿಲ್ಲುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಹೋಗಬೇಡಿ, ಅಲ್ಲಿ ಗೇಟಿನ ಬೋಲ್ಟ್ ತೋರಿಸುತ್ತಾರೆ. ಲ್ಯಾಪ್‌ಟಾಪ್ ರಿಪೇರಿಯವರ ಡಬ್ಬಿಯಲ್ಲಿ ಸಿಗುತ್ತದೆ. ಉಳಿದ ಸ್ಕ್ರೂಗಳು ಎರಡು ಜಾತಿ: ಒರಟು ಥ್ರೆಡ್ಡಿನ 6-32, ಸಣ್ಣ ಥ್ರೆಡ್ಡಿನ ಎಂ3. ಒಂದರ ತೂತಿಗೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಆಮೇಲೆ ಎರಡೂ ನಿಲ್ಲುವುದಿಲ್ಲ.

ಪವರ್ ಬಟನ್ನಿನ ವೈರ್ ಇಲ್ಲವೇ? ಮದರ್‌ಬೋರ್ಡಿನಲ್ಲಿ ಪವರ್ ಸ್ವಿಚ್ ಎಂದು ಗುರುತಿಸಿದ ಎರಡೂ ಪಿನ್ನಿಗೆ ಒಟ್ಟಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಯಂತ್ರ ಏಳುತ್ತದೆ. ನೋಡಿದವರು ನಿಮ್ಮನ್ನು ಇಂಜಿನಿಯರ್ ಎಂದುಕೊಳ್ಳಲಿ, ತಿದ್ದಬೇಡಿ. ಹಿಂಬದಿಯ ತಗಡಿನ ಐಓ ಶೀಲ್ಡ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಆದರೆ ಒಳಗೆ ಬೆಚ್ಚಗಿರುವುದು ಹಲ್ಲಿಗಳಿಗೂ ಗೊತ್ತು.

ಇಲ್ಲಿಗೆ ಜಾಣತನ ಸಾಕು. ಬೋರ್ಡಿನಡಿಯ ಹಿತ್ತಾಳೆಯ ಗುಬಟು, ಅಂದರೆ ಸ್ಟ್ಯಾಂಡ್‌ಆಫ್ ಇಲ್ಲದೆ ಬೋರ್ಡನ್ನು ನೇರ ತಗಡಿಗೆ ಬಿಗಿಯಬೇಡಿ. ಬೆನ್ನಿನ ಬೆಸುಗೆಗಳು ತಗಡು ಮುಟ್ಟಿ ಶಾರ್ಟ್ ಆಗುತ್ತವೆ. ಇನ್ನೂ ಕೆಟ್ಟದ್ದು ಎಸ್‌ಎಂಪಿಎಸ್ ಕೇಬಲ್. ಕಳಚುವ ಬಗೆಯ ಕೇಬಲ್ ಕಳೆದುಹೋದರೆ ಸ್ನೇಹಿತರ ಎಸ್‌ಎಂಪಿಎಸ್‌ನದ್ದನ್ನು ತಂದು ಹಾಕುವ ಆಸೆ ಹುಟ್ಟುತ್ತದೆ. ಡ್ರೈವಿನ ಕಡೆಯ ತುದಿ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆ ಮಾತ್ರ ಕಂಪನಿಗೊಂದು ಜೋಡಣೆ, ಒಮ್ಮೊಮ್ಮೆ ಒಂದೇ ಕಂಪನಿಯಲ್ಲಿ ಮಾಡೆಲ್‌ಗೊಂದು. ಕೇಬಲ್ ಮೆತ್ತಗೆ ಕೂರುತ್ತದೆ, 5 ವೋಲ್ಟ್ ಹೋಗುವಲ್ಲಿ 12 ವೋಲ್ಟ್ ಹೋಗಬಹುದು, ಮದುವೆ ಫೋಟೋಗಳಿರುವ ಡ್ರೈವ್ ಹೊಗೆಯಾಗುತ್ತದೆ.

ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ. ಕೊರತೆ ಗೊತ್ತಾಗುವುದು ಶನಿವಾರ ರಾತ್ರಿ, ಅಲ್ಲಿನ ಬಹುಪಾಲು ಅಂಗಡಿಗಳಿಗೆ ಭಾನುವಾರ ರಜೆ. ಸೋಮವಾರ ಸ್ಕ್ರೂ ಕೇಳಿದರೆ ಅಂಗಡಿಯವರು ಹಿಡಿ ತುಂಬ ಕೊಟ್ಟು “ಕಾಸು ಬೇಡ, ಇಟ್ಕೊಳ್ಳಿ ಸಾರ್” ಎನ್ನಬಹುದು. ವಾಪಸು ಬರುವಾಗ ಕೈಯಲ್ಲಿ ಬಣ್ಣದ ಲೈಟಿನ ಮೂರು ಫ್ಯಾನ್ ಇದ್ದರೆ ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.