ಜಾರಲು ಗುಲ್ಮಾರ್ಗಿಗೇ ಹೋಗಬೇಕೇ?

ಪೇಪರಿನ ಮೂಲೆಯಲ್ಲಿ ಬರುವ ಹವಾಮಾನದ ಪುಟ್ಟ ಚೌಕವನ್ನು ಓದುವ ಚಟ ಇದ್ದವರಿಗೆ ಈ ತಮಾಷೆ ಗೊತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀದರ, ವಿಜಯಪುರದ ಜನ ಹೊದಿಕೆಯೊಳಗೆ ಮುದುಡಿಕೊಂಡು ನಡುಗುತ್ತಿರುವ ದಿನವೇ ರಾಜ್ಯದ ಗರಿಷ್ಠ ಉಷ್ಣಾಂಶದ ಪಟ್ಟ ಅನೇಕ ಸಲ ಕಾರವಾರಕ್ಕೆ ಬಂದಿರುತ್ತದೆ. 35 ಡಿಗ್ರಿ! ಮೇಲಿನ ಬಯಲುಸೀಮೆಯಿಂದ ಹೊರಟ ಮೂಡಗಾಳಿ ಘಟ್ಟದ ನೆತ್ತಿ ದಾಟಿ ಕೆಳಗೆ ಇಳಿಯುವಾಗ ಒತ್ತಿ ಒತ್ತಿ ಬಿಸಿಯಾಗುತ್ತದೆ. ಸಮುದ್ರದ ತಂಪು ಗಾಳಿಯನ್ನು ಮಧ್ಯಾಹ್ನದವರೆಗೂ ದಡ ಹತ್ತಲು ಬಿಡುವುದಿಲ್ಲ. ಅಂತೂ ಚಳಿಗಾಲದಲ್ಲಿ ರಾಜ್ಯಕ್ಕೇ ಮೊದಲ ರ‍್ಯಾಂಕ್ ಬರುವ ಊರು ನಮ್ಮದು, ಸೆಕೆಯಲ್ಲಿ.

ಹಾಗಂತ ನಮಗೆ ಚಳಿಯೇ ಇಲ್ಲ ಎಂದುಬಿಟ್ಟರೆ ಅಂಕೋಲೆಯವರು ಸುಮ್ಮನೆ ಬಿಡುವವರಲ್ಲ. ಬೆಳಗಿನ ಜಾವ 20 ಡಿಗ್ರಿಯ ಆಚೀಚೆ ಬಂತೋ, ಮೀನುಪೇಟೆಗೆ ಹೊರಟ ಗಂಡಸರ ತಲೆಗೆ ಮಫ್ಲರು, ಕಿವಿಗೆ ಹತ್ತಿ. ಸೊಂಟದಿಂದ ಕೆಳಗೆ ಮಾತ್ರ ಅದೇ ಲುಂಗಿ, ಅದೂ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದು. ಚಳಿ ಎಂಬುದು ಕಿವಿಯ ದಾರಿಯಿಂದಲೇ ಒಳಗೆ ಬರುತ್ತದೆ, ಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಕರಾವಳಿಯ ವೈದ್ಯಶಾಸ್ತ್ರ. ಇನ್ನು ಸ್ವೆಟರು ಮನೆಗೊಂದು ಇದ್ದೇ ಇರುತ್ತದೆ. ಶಿರಸಿಯಲ್ಲಿ ಮದುವೆ, ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಎಂದಾಗ ಮಾತ್ರ ಟ್ರಂಕಿನಿಂದ ಹೊರಬರುವ ಅದು ಯಾರ ಅಳತೆಯದು ಎಂದು ಯಾರೂ ಕೇಳುವುದಿಲ್ಲ, ಯಾರಿಗೆ ಸರದಿಯೋ ಅವರ ಅಳತೆ. ಇಡೀ ಜಿಲ್ಲೆಯಲ್ಲಿ ಹಿಮದ ನಿಜವಾದ ಪರಿಚಯ ಇರುವವರು ಎಂದರೆ ಮುಂಡಗೋಡದ ಟಿಬೆಟಿಯನ್ ಹಿರಿಯರು. 1966ರಲ್ಲಿ ಅಲ್ಲಿ ನೆಲೆ ನಿಂತವರು ಅವರು. ಹಿಮದ ನಾಡಿನವರೇ ಹಿಮ ಬಿಟ್ಟು ನಮ್ಮ ಜಿಲ್ಲೆಗೆ ಬಂದು ಜೋಳ ಬೆಳೆದರು. ನಾವು ಸಾಲ ಮಾಡಿ ಅತ್ತ ಹೊರಡುತ್ತೇವೆ.

ಹೊರಟವರಲ್ಲಿ ನಮ್ಮ ಬಾವನೂ ಒಬ್ಬರು. ಅಕ್ಕನ ಮಗಳು ಕೆನಡಾದಲ್ಲಿದ್ದಾಳೆ. ಚಳಿಗಾಲ ಬಂತೆಂದರೆ ಅವಳು ಕಾಲಿಗೆ ಜಾಳಿಗೆಯಂಥ ಅಗಲದ ಚಪ್ಪಲಿ ಕಟ್ಟಿಕೊಂಡು ಹಿಮದ ಮೇಲೆ ನಡೆಯುವ ವಿಡಿಯೋ ಕಳಿಸುತ್ತಾಳೆ. ಅದನ್ನು ನೋಡಿ ನೋಡಿ ಬಾವನಿಗೂ ಹಿಮದ ಹುಚ್ಚು ಹಿಡಿಯಿತು. ವೀಸಾ ಬೇಡ, ಕಾಶ್ಮೀರ ಸಾಕು ಎಂದು ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ಶ್ರೀನಗರ, ಅಲ್ಲಿಂದ ಗುಲ್ಮಾರ್ಗ್. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಊರು. ಸಮುದ್ರಮಟ್ಟವನ್ನು ಬಿಟ್ಟು ಬೇರೆ ಯಾವ ಮಟ್ಟದಲ್ಲೂ ಉಸಿರಾಡಿ ಅಭ್ಯಾಸವಿಲ್ಲದ ಮನುಷ್ಯ, ಗೊಂಡೋಲಾ ಎಂಬ ಕೇಬಲ್ ಕಾರು ಹತ್ತಿ ಅಫರ್ವಟ್ ಶಿಖರದ ಹೆಗಲವರೆಗೂ ಹೋಗಿಬಂದರಂತೆ. ಬಂದ ಮೇಲೆ ಮನೆಯಲ್ಲಿ ಚಹಾ, ಅವಲಕ್ಕಿ, ಮೊಬೈಲ್ ಫೋಟೋ ಪ್ರದರ್ಶನ. ಪ್ರೇಕ್ಷಕರಲ್ಲಿ ಮುಂದಿನ ಸಾಲಿನಲ್ಲಿ ಬಾವನ ತಾಯಿ, ಅಂದರೆ ನಮ್ಮ ಅತ್ತೆ.

"ಅಲ್ಲಾ ತಮಾ, ದುಡ್ಡು ಕೊಟ್ಟು ಮೇಲೆ ಹೋದ್ರಿ. ಮತ್ತೆ ಜಾರಿ ಕೆಳಗೆ ಬಂದ್ರಿ. ಹೌದೋ?"

"ಹೌದು ಆಯಿ."

"ಮತ್ತೆ ದುಡ್ಡು ಕೊಟ್ಟು ಮೇಲೆ ಹೋದ್ರಿ?"

"ಹೌದು."

"ಮೇಲೆ ಏನಾದ್ರೂ ಮರ್ತು ಬಿಟ್ಟು ಬಂದಿದ್ರೋ?"

ಬಾವ ಉತ್ತರ ಹುಡುಕುತ್ತಿರುವಾಗಲೇ ಅತ್ತೆ ಇನ್ನೊಂದು ಪ್ರಶ್ನೆ ಎಸೆದರು. "ಅಷ್ಟೆಲ್ಲ ಮಂಜು ಬಿದ್ರೆ ಅಲ್ಲಿ ಮಾವು ಹೂ ಬಿಡೂದು ಹ್ಯಾಗೆ?" ನಗಬೇಡಿ. 2023ರಲ್ಲಿ ಭೌಗೋಳಿಕ ಸೂಚಕದ ಗುರುತು ಪಡೆದ ಕರಿ ಇಶಾಡಿನ ಊರು ಅಂಕೋಲೆ. ಹೂ ಬಿಟ್ಟ ಸಮಯಕ್ಕೆ ಸರಿಯಾಗಿ ಮಂಜು ಮುಸುಕಿದರೆ, ಜಿಗಿಹುಳ ಬಿದ್ದರೆ, ಆ ವರ್ಷ ಮೇ ತಿಂಗಳಲ್ಲಿ ಬುಟ್ಟಿ ಖಾಲಿ. ಇಲ್ಲಿಯ ಹೆಂಗಸರು ಮಂಜನ್ನು ನೋಡುವುದು ಮಾವಿನ ಮರದ ಕೆಳಗೆ ನಿಂತು. ಗುಲ್ಮಾರ್ಗಿನಲ್ಲಿ ಮಾವೇ ಇಲ್ಲ ಎಂದು ಬಾವ ಹೇಳಿದ ಮೇಲೆ ಅತ್ತೆಗೆ ಆ ಊರಿನ ಮೇಲಿದ್ದ ಅಷ್ಟಿಷ್ಟು ಗೌರವವೂ ಹೋಯಿತು.

ನನಗೆ ಮಾತ್ರ ಸ್ಕೀಯಿಂಗಿನ ವಿವರ ಬೇಕಿತ್ತು. ಬಾವ ಸೋಫಾದ ಎದುರು ನಿಂತು ತೋರಿಸಿದರು. ಮೊಣಕಾಲು ಬಾಗಿಸಬೇಕು, ಮೈ ಮುಂದೆ ಇರಬೇಕು, ನಿಲ್ಲಬೇಕು ಅನಿಸಿದರೆ ಎರಡೂ ಹಲಗೆಗಳ ಮೂತಿಯನ್ನು ಒಳಕ್ಕೆ ತಿರುಗಿಸಿ ಹಿಮ್ಮಡಿ ಹೊರಕ್ಕೆ ದೂಡಬೇಕು. ಹೆದರಿ ಹಿಂದಕ್ಕೆ ವಾಲಿದಿರೋ, ಹಲಗೆ ಇನ್ನೂ ಜೋರಾಗಿ ಓಡುತ್ತದೆ. ಮನುಷ್ಯನ ಸ್ವಭಾವಕ್ಕೆ ಪೂರಾ ಉಲ್ಟಾ ವಿದ್ಯೆ ಇದು: ಇಳಿಜಾರು ಕಂಡರೆ ಹಿಂದೆ ಸರಿಯುವುದು ಬುದ್ಧಿವಂತಿಕೆ ಎಂದು ಜೀವಮಾನವಿಡೀ ಕಲಿತವರಿಗೆ, ಮುಂದೆ ಬಾಗಿದವನೇ ಬದುಕಿದ ಎಂದು ಹೇಳಿದರೆ ಹೇಗೆ? "ಎಷ್ಟು ದೂರ ಜಾರಿದ್ರಿ ಬಾವಾ?" ಎಂದು ಕೇಳಿದೆ. "ದೂರ ಮುಖ್ಯ ಅಲ್ಲ, ಬ್ಯಾಲೆನ್ಸು" ಎಂದರು. ಬ್ಯಾಲೆನ್ಸು ಚೆನ್ನಾಗಿಯೇ ಇತ್ತು, ಒಪ್ಪೋಣ. ಎಲ್ಲ ಫೋಟೋಗಳಲ್ಲೂ ಬಾವ ನೆಟ್ಟಗೆ ನಿಂತಿದ್ದಾರೆ. ಎಲ್ಲ ಫೋಟೋಗಳ ಅಂಚಿನಲ್ಲೂ ನೀಲಿ ತೋಳಿನ ಒಂದು ಕೈ ಬಾವನ ಜಾಕೀಟನ್ನು ಹಿಡಿದುಕೊಂಡಿದೆ.

ಅವರ ಪುಣ್ಯಕ್ಕೆ ಹಿಮವಾದರೂ ಇತ್ತು. 2024ರ ಜನವರಿಯಲ್ಲಿ ಗುಲ್ಮಾರ್ಗಿನಲ್ಲೇ ಹಿಮವಿಲ್ಲದೆ ಕಂದು ಹುಲ್ಲು ಕಾಣುತ್ತಿತ್ತು, ದೇಶದ ಪೇಪರುಗಳೆಲ್ಲ ಆ ಬೋಳು ಗುಡ್ಡದ ಚಿತ್ರ ಹಾಕಿದವು. ಮರುವರ್ಷ ಅಲ್ಲಿ ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಿದರು. ಕಂದು ಹುಲ್ಲಿನ ಗುಡ್ಡ ನೋಡಲು ಅಷ್ಟು ದೂರ ಹೋಗುವುದಾದರೆ ನಮ್ಮ ಅವರ್ಸೆಯ ಬೇಣ ಏನು ಪಾಪ ಮಾಡಿತ್ತು?

ಆದರೆ ಕನ್ನಡನಾಡಿಗೂ ಹಿಮಕ್ಕೂ ಆಗಿಬರುವುದಿಲ್ಲ ಎಂದು ಷರಾ ಬರೆಯುವ ಮೊದಲು ಸ್ವಲ್ಪ ತಡೆಯಬೇಕು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ಹೆಣ್ಣುಮಗಳು 2024ರ ಖೇಲೋ ಇಂಡಿಯಾ ಕೂಟದಲ್ಲಿ, ಅದೇ ಗುಲ್ಮಾರ್ಗಿನಲ್ಲಿ, ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಬಾವನ ಸ್ಕೀಯಿಂಗಿಗೂ ಇದಕ್ಕೂ ಅಜಗಜಾಂತರ. ಇಲ್ಲಿ ಗೊಂಡೋಲಾ ಬಂದು ಎತ್ತಿಕೊಂಡು ಹೋಗುವುದಿಲ್ಲ. ಏರು, ಇಳಿವು, ಸಮತಟ್ಟು ಎಲ್ಲವನ್ನೂ ಸ್ವಂತ ಕಾಲು, ಸ್ವಂತ ತೋಳಿನ ಬಲದಲ್ಲೇ ದಾಟಬೇಕು. ಹಿಮ ಇಲ್ಲದ ತಿಂಗಳುಗಳಲ್ಲಿ ಈ ಆಟದವರು ಚಕ್ರ ಕಟ್ಟಿದ ಹಲಗೆ ತೊಟ್ಟು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಇದನ್ನು ಕೇಳಿದ ಬಾವ ಹೆದ್ದಾರಿ 66ರ ಮೇಲೆ ತಾವೂ ಯಾಕೆ ಶುರು ಮಾಡಬಾರದು ಎಂದರು. ಆ ಹೆದ್ದಾರಿಯ ಮಧ್ಯದಲ್ಲಿ ಮೆಲುಕು ಹಾಕುತ್ತ ಮಲಗಿರುವ ದನಗಳ ಅಭಿಪ್ರಾಯ ಕೇಳಿ ಬನ್ನಿ ಎಂದು ಅಕ್ಕ ಒಳಗಿನಿಂದಲೇ ಕೂಗಿದಳು.

ಇನ್ನು ಅಕ್ಕನ ಮಗಳ ಅಗಲದ ಚಪ್ಪಲಿ. ಅದರ ಮರ್ಮ ಇಷ್ಟೇ: ಮೈಭಾರ ಪಾದದಷ್ಟೇ ಜಾಗದ ಮೇಲೆ ಬಿದ್ದರೆ ಸಡಿಲ ಹಿಮದಲ್ಲಿ ಕಾಲು ಹೂತುಹೋಗುತ್ತದೆ, ಅದೇ ಭಾರವನ್ನು ಅಗಲಕ್ಕೆ ಹರಡಿದರೆ ಮೇಲೆಯೇ ನಿಲ್ಲುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಬಳೆಗೆ ತೊಗಲಿನ ದಾರ ಹೆಣೆದು ಮಾಡಿಕೊಂಡದ್ದು. ಬೇಟೆಗೆ, ಓಡಾಟಕ್ಕೆ ಬೇಕಿತ್ತು, ಮೋಜಿಗಲ್ಲ. ಈಗ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಬಂದು ಭಾನುವಾರದ ಹವ್ಯಾಸವಾಗಿದೆ. ಈ ವಿದ್ಯೆಯ ಅಗತ್ಯ ನಿಜವಾಗಿ ಇರುವುದು ನಮ್ಮ ಗಜನಿ ಗದ್ದೆಗಳಲ್ಲಿ! ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುವ ಜಾಗ ಅದು. ಒಂದು ಹೆಜ್ಜೆ ಇಟ್ಟರೆ ಮೊಣಕಾಲು, ಇನ್ನೊಂದು ಇಟ್ಟರೆ ತೊಡೆ, ಮೂರನೆಯದಕ್ಕೆ ದೇವರ ನೆನಪು. ಅಲ್ಲಿ ಅಳಿವೆಯ ಹೆಂಗಸರು ಯಾವ ಚಪ್ಪಲಿಯೂ ಇಲ್ಲದೆ, ಸೀರೆ ಎತ್ತಿ ಕಟ್ಟಿ, ಚಿಪ್ಪಿ ಆರಿಸುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿಬರುತ್ತಾರೆ. ಕಾಲನ್ನು ನೆಟ್ಟಗೆ ಕೀಳದೆ ಹಿಮ್ಮಡಿ ಓರೆ ಮಾಡಿ ಎತ್ತುವ ಆ ನಡಿಗೆಗೆ ಯಾವ ಕ್ರೀಡಾಕೂಟದಲ್ಲೂ ಪದಕ ಇಟ್ಟಿಲ್ಲ. ಬುಟ್ಟಿ ತುಂಬಿದರೆ ಸಾಕು, ಅವರೂ ಕೇಳುವುದಿಲ್ಲ.

ಜಾರುವ ವಿಷಯಕ್ಕೆ ಬಂದರಂತೂ ನಾವು ಯಾರಿಗೂ ತಗ್ಗುವವರಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವಸೆ ಕಟ್ಟಿದ ಅಂಗಳದಲ್ಲಿ ಬಾವಿಕಟ್ಟೆಯವರೆಗೆ ಹೋಗಿ ಬರುವ ಪ್ರತಿ ಗೃಹಸ್ಥನೂ ಸ್ಕೀ ಪಟುವೇ. ಅಡಿಕೆ ದಬ್ಬೆ ಹಾಸಿ ದಾರಿ ಮಾಡಿಕೊಳ್ಳುತ್ತೇವೆ, ಆಮೇಲೆ ಆ ದಬ್ಬೆಯ ಮೇಲೂ ಹಾವಸೆ ಬೆಳೆಯುತ್ತದೆ. ಇದು ಕಡ್ಡಾಯ ವಿಭಾಗ. ಐಚ್ಛಿಕ ವಿಭಾಗ ಇರುವುದು ಚಳಿಗಾಲದಲ್ಲಿ. ಬೇಣದ ಕರಡ ಹುಲ್ಲು ಆಗ ಒಣಗಿ ಹೊಂಬಣ್ಣಕ್ಕೆ ತಿರುಗಿ, ನುಣುಪಾಗಿ ಇಳಿಜಾರಿನುದ್ದಕ್ಕೂ ಮಲಗಿರುತ್ತದೆ. ಬೇಕಾದದ್ದು ಒಂದು ಅಡಿಕೆ ಹಾಳೆ. ಅಗಲ ಭಾಗದ ಮೇಲೆ ಕೂತು, ಎರಡೂ ಅಂಚು ಹಿಡಿದು, ಹಿಮ್ಮಡಿ ಎತ್ತಿದರಾಯಿತು, ಮುಂದಿನದು ಗುಡ್ಡದ ಜವಾಬ್ದಾರಿ. ಬ್ರೇಕು ಎಂದರೆ ಕೆಳಗೆ ಕಾದಿರುವ ಕವಳಿ ಮುಳ್ಳಿನ ಮಟ್ಟಿ. ಮತ್ತೆ ಮೇಲೆ ಹತ್ತಲು ಗೊಂಡೋಲಾ ಇಲ್ಲ, ಹಾಳೆಯನ್ನು ತಲೆಯ ಮೇಲಿಟ್ಟುಕೊಂಡು ಓಡುವುದು. ಹಿಮದಲ್ಲಿ ಬಿದ್ದರೆ ಬಟ್ಟೆ ಒದ್ದೆಯಾಗುತ್ತದೆ. ಇಲ್ಲಿ ಚಡ್ಡಿಯ ಹಿಂಭಾಗವೇ ಕರಡಕ್ಕೆ ಸಮರ್ಪಣೆ, ಮನೆಯಲ್ಲಿ ಬೆನ್ನು ಬಡಿಗೆಗೆ. ಈಗಿನ ಮಕ್ಕಳು ಮಾಡುತ್ತಾರೋ ಎಂದು ಕೇಳಬೇಡಿ. ಹಾಳೆಗಳೆಲ್ಲ ಒತ್ತಿಸಿಕೊಂಡು ತಟ್ಟೆಯಾಗಿ ಪೇಟೆಯ ಮದುವೆಮನೆಗಳಿಗೆ ಹೋಗುತ್ತಿವೆ, ಮಕ್ಕಳು ಟ್ಯೂಷನ್ನಿಗೆ.

"ಆದ್ರೂ ಆ ಬಿಳುಪು ಇಲ್ಲಿ ಎಲ್ಲಿ ಬರಬೇಕು?" ಎಂದು ಬಾವ ಕೊನೆಯ ಅಸ್ತ್ರ ತೆಗೆದರು. ಬಿಳುಪಿಗೇನು ಬಡತನ? ಗಂಗಾವಳಿ ದಾಟಿ ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗಿ ಸಾಣಿಕಟ್ಟೆಗೆ ಹೋದರೆ ಬೇಸಿಗೆಯ ಬಿಸಿಲಿಗೆ ಉಪ್ಪಿನ ರಾಶಿಗಳು ಪುಟ್ಟ ಹಿಮಾಲಯದ ಹಾಗೆ ಎದ್ದು ನಿಂತಿರುತ್ತವೆ. ಆ ಹಿಮಾಲಯ ಕರಗುವುದು ಮಳೆಗೆ, ಬಿಸಿಲಿಗಲ್ಲ. ಮಳೆ ಮುಗಿದು ಚಳಿಗಾಲ ಬಂದ ಮೇಲೆಯೇ ಕಟ್ಟೆ ಸರಿಮಾಡಿ, ಹೊಂಡಿಯ ನೆಲ ಹದಮಾಡುವ ಕೆಲಸ. 1930ರಲ್ಲಿ ಇದೇ ಉಪ್ಪಿಗಾಗಿ ಅಂಕೋಲೆಯ ಜನ ಬ್ರಿಟಿಷರ ಕಾನೂನು ಮುರಿದು ಜೈಲಿಗೆ ಹೋದರು. ಗುಲ್ಮಾರ್ಗಿನ ಬಿಳಿ ಗುಡ್ಡಕ್ಕೆ ಅಂಥ ಚರಿತ್ರೆ ಇದೆಯೇ? ಕೆಂಪು ಗುಡ್ಡ ಬೇಕಿದ್ದರೆ ಅದೂ ಇತ್ತು, ಬೇಲೆಕೇರಿ ಬಂದರಿನಲ್ಲಿ. 2010ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡು ಇಟ್ಟ ಲಕ್ಷಗಟ್ಟಲೆ ಟನ್ ಅದಿರು, ಇಟ್ಟಲ್ಲೇ ಕರಗಿ ಹಡಗು ಹತ್ತಿತು. ಹಿಮಕ್ಕಾದರೆ ಕರಗಲು ಬಿಸಿಲಾದರೂ ಬೇಕು.

ಹಿಮಾಲಯ ಕಂಡವರೆಲ್ಲ ಕಾರವಾರವನ್ನು ಮೂಗು ಮುರಿದು ನೋಡುತ್ತಾರೆ ಎಂದೂ ಇಲ್ಲ. ರವೀಂದ್ರನಾಥ ಠಾಕೂರರು ಹುಡುಗನಾಗಿದ್ದಾಗಲೇ, 1873ರಲ್ಲಿ, ತಂದೆಯ ಜೊತೆ ಡಾಲ್‌ಹೌಸಿಗೆ ಹೋಗಿ ಹಿಮಾಲಯ ನೋಡಿದವರು. ಹತ್ತು ವರ್ಷದ ಮೇಲೆ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು, ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋದರು, ಒಂದು ನಾಟಕವನ್ನೂ ಬರೆದರು. ನಮ್ಮ ಬಾವ ಮೂರು ಹೊತ್ತೂ ಅದೇ ಕಾಳಿ ಸೇತುವೆಯ ಮೇಲೆ ಸ್ಕೂಟರು ಓಡಿಸುತ್ತಾರೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಎಂದರೆ ಹಿಂದೆ ಲಾರಿ ಇದೆ ಅನ್ನುತ್ತಾರೆ.

ಅಸಲಿಗೆ ಚಳಿಗಾಲ ನಮ್ಮಲ್ಲಿ ಹೊರಗೆ ತಿರುಗುವ ಕಾಲ. ನಾಲ್ಕು ತಿಂಗಳು ಮಳೆಯೊಳಗೆ ಕೊಳೆತು, ಅಕ್ಟೋಬರಿನ ಸೆಕೆಯಲ್ಲಿ ಬೆಂದು, ಆಮೇಲೆ ಸಿಕ್ಕ ಬಿಡುವು. ನಸುಕಿನಲ್ಲಿ ಗುಡ್ಡೆಹಳ್ಳಿ ಹತ್ತಿದರೆ ಕಾಳಿಯ ಅಳಿವೆ, ಸದಾಶಿವಗಡ, ನಡುಗಡ್ಡೆಗಳೆಲ್ಲ ಕೆಳಗೆ ಹರಡಿರುತ್ತವೆ, ಬಿಸಿಲೇರುವ ಮೊದಲೇ ಇಳಿದು ಬಂದರೆ ಮೀನುಪೇಟೆಗೆ ಸರಿಯಾದ ಹೊತ್ತು. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ. ರಥಬೀದಿ ಇಲ್ಲ, ಬಸ್ಸಿಲ್ಲ, ಭಕ್ತರೆಲ್ಲ ದೋಣಿಯಲ್ಲೇ ಹೋಗಬೇಕು. ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವಾಗ ಕೈ ಕೊಟ್ಟು ನೋಡಿ: ಮರಳಿನಲ್ಲಿ ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ, ಹೋ ಎಂದು ಎಳೆಯುವುದು. ಬಾವನ ಗುರು ಕಲಿಸಿದ ಮುಂದೆ ಬಾಗುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಮುಂದೆ ಬಾಗಿದವನು ಬಲೆಯೊಳಗೆ. ಕೂಲಿ ಬಂಗಡೆ ರೂಪದಲ್ಲಿ, ಅದೂ ಇನ್ನೂ ಮಿಸುಕುತ್ತಿರುವುದು.

ಇಷ್ಟೆಲ್ಲ ಹೇಳಿದ ಮೇಲೂ ಬಾವ ಸೋತಿಲ್ಲ. ಮುಂದಿನ ಚಳಿಗಾಲಕ್ಕೆ ಉತ್ತರಾಖಂಡದ ಔಲಿಯಂತೆ. ಈ ಸಲ ಅಕ್ಕನೂ ಹೊರಡುತ್ತಾಳೆ, ಆದರೆ ಜಾರುವುದಕ್ಕಲ್ಲ, ನೀಲಿ ತೋಳಿನವನ ಖರ್ಚು ಉಳಿಸಲು ಫೋಟೋ ಹೊತ್ತಿಗೆ ಜಾಕೀಟು ಹಿಡಿದುಕೊಳ್ಳುವುದಕ್ಕೆ. ಅತ್ತೆ ದಾರಿಗೆಂದು ಒಣ ಸಿಗಡಿ ಚಟ್ನಿ, ಸುಟ್ಟ ಬಂಗಡೆ ಕಟ್ಟಿಕೊಡುವುದಾಗಿ ಘೋಷಿಸಿದ್ದಾರೆ. ಎರಡು ರಾತ್ರಿಯ ಎಸಿ ಬೋಗಿಯಲ್ಲಿ ಆ ಡಬ್ಬಿಯ ಮುಚ್ಚಳ ತೆರೆಯುವುದು ಕೊಂಕಣ ದಾಟುವ ಮೊದಲೋ, ಮಥುರಾ ಬಂದ ಮೇಲೋ ಎಂಬ ಬಗ್ಗೆ ಗಂಡ ಹೆಂಡತಿಯ ನಡುವೆ ಮಾತುಕತೆ ಇನ್ನೂ ನಡೆಯುತ್ತಿದೆ.