ಎಣ್ಣಿ ಡಬ್ಬಿ ಮೀಮಾಂಸೆ: ಖಟಕ ಚಿಂಚೋಳಿಯ ಕಸಶಾಸ್ತ್ರಕ್ಕೊಂದು ಪ್ರವೇಶಿಕೆ

ಮೊದಲು ಸ್ಥಳನಾಮ. ಭಾಲ್ಕಿ ತಾಲ್ಲೂಕಿನ ಈ ಊರಿನ ಹೆಸರಲ್ಲಿರುವ ‘ಚಿಂಚ’ ಎಂದರೆ ಹುಣಸೆ. ಸಂಸ್ಕೃತವೂ ನೆರೆಯ ಮರಾಠಿಯೂ ಸಾಕ್ಷಿ ನುಡಿಯುತ್ತವೆ. ಹಿಂಡಿ ಬಿಟ್ಟ ಹುಣಸೆಗೆ ಒಲೆಯ ಬೂದಿ ಬೆರೆಸಿ ತಾಮ್ರದ ಕೊಡ ಬೆಳಗುತ್ತಿದ್ದ ಕಾಲದಲ್ಲಿ ಎರಡು ಕಸ ಸೇರಿ ಮೂರನೆಯ ಕೊಳೆಯನ್ನು ತೆಗೆಯುತ್ತಿದ್ದವು. ಆದಕಾರಣ ಊರಿನ ಹೆಸರಲ್ಲೇ ನೈರ್ಮಲ್ಯ ಅಡಗಿದೆ ಎಂಬುದು ಪ್ರಸ್ತುತ ಲೇಖಕನ ನಮ್ರ ಸಿದ್ಧಾಂತ. ‘ಖಟಕ’ ಎಂಬುದು ಖಾಲಿ ಡಬ್ಬಿ ಬಡಿದಾಗ ಹೊರಡುವ ಸದ್ದಿನಿಂದ ಬಂದಿರಬೇಕೆಂದೂ ಹೊಳೆದಿತ್ತು. ಹಿರಿಯ ವಿದ್ವಾಂಸರು ನಕ್ಕಾರೆಂಬ ಭಯದಿಂದ ಅದನ್ನು ಸದ್ಯಕ್ಕೆ ಹಿಂದೆ ಪಡೆದಿದ್ದೇನೆ.

ಇನ್ನು ಶಾಸ್ತ್ರಗ್ರಂಥಗಳು. ತತ್ತ್ವಕ್ಕೆ ಆರು ದರ್ಶನಗಳಿರುವಂತೆ ಕಸಕ್ಕೂ ಆರಿದ್ದವು. ಆರೂ 2016ರಲ್ಲಿ, 22 ದಿನಗಳೊಳಗೆ, ದೆಹಲಿಯಲ್ಲಿ ಅವತರಿಸಿದವು: ಮಾರ್ಚ್ 18ಕ್ಕೆ ಪ್ಲಾಸ್ಟಿಕ್, 23ಕ್ಕೆ ಇ-ತ್ಯಾಜ್ಯ, 28ಕ್ಕೆ ಆಸ್ಪತ್ರೆಯ ಕಸ, 29ಕ್ಕೆ ಕಟ್ಟಡದ ಅವಶೇಷ, ಏಪ್ರಿಲ್ 4ಕ್ಕೆ ಅಪಾಯಕಾರಿ ತ್ಯಾಜ್ಯ, 8ಕ್ಕೆ ಘನ ತ್ಯಾಜ್ಯ. ಆ ಏಪ್ರಿಲ್ 8 ಯುಗಾದಿ. ಅಂದು ಕಾಲಿಟ್ಟ ಸಂವತ್ಸರದ ಹೆಸರು ದುರ್ಮುಖಿ. ಪಂಚಾಂಗವನ್ನು ಹಗುರವಾಗಿ ಕಾಣಬಾರದು. ಹಬ್ಬಕ್ಕೆಂದು ಮನೆಮನೆಯವರು ಕಸವನ್ನೆಲ್ಲ ಹೊರಗೆ ಹಾಕಿ ಕೈತೊಳೆದ ದಿನವೇ, ಹೊರಗೆ ಹಾಕಬಾರದೆಂಬ ನಿಯಮ ಬಂತು.

ಈ ಕೊನೆಯ ಗ್ರಂಥದ ವ್ಯಾಪ್ತಿ ಎಲ್ಲಿಯವರೆಗಿತ್ತು? ನಗರ, ಜನಗಣತಿ ಪಟ್ಟಣ, ರೈಲ್ವೆ, ವಿಮಾನ ನಿಲ್ದಾಣ, ವಾಯುನೆಲೆ, ಬಂದರು, ಯಾತ್ರಾಸ್ಥಳ ಎಲ್ಲವನ್ನೂ ಅದು ಹೆಸರಿಟ್ಟು ಕರೆದಿತ್ತು. ಬೀದರಿನ ವಾಯುನೆಲೆಗೆ ಪಂಕ್ತಿಯಲ್ಲಿ ಎಲೆ ಹಾಕಿತ್ತು. ಬಂದರಂತೂ ಬೀದರ ಜಿಲ್ಲೆಯಲ್ಲಿ ಸಮುದ್ರ ಬಂದ ಮೇಲಿನ ಮಾತು. ಬರೀ ಹಳ್ಳಿಗೆ ಮಾತ್ರ ಎಲೆಯಿರಲಿಲ್ಲ. ಹಳ್ಳಿಯಲ್ಲಿ ಕಸವೇ ಹುಟ್ಟದು ಎಂಬುದು ಸೂತ್ರಕಾರರ ಆಶಯವಿರಬಹುದು.

ಹಾಗೆಂದು ಹಳ್ಳಿ ಶಾಸ್ತ್ರವಿಲ್ಲದೆ ಕೂತಿರಲಿಲ್ಲ. ಇಲ್ಲಿನ ವರ್ಗೀಕರಣ ಮೂರು ಬಗೆ: ದನ ತಿನ್ನುವುದು, ತಿಪ್ಪಿ ತಿನ್ನುವುದು, ಭಂಗಾರದವನು, ಅಂದರೆ ಗುಜರಿಯವನು, ಒಯ್ಯುವುದು. ತಿಪ್ಪಿಯನ್ನು ಕೀಳೆಂದು ಬಗೆದವರೂ ಅಲ್ಲ ನಮ್ಮವರು. ಹುಟ್ಟಿದ ಕೂಸು ನಿಲ್ಲದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಕರೆದರು. ಗಡಿಯಾಚೆ ಅದೇ ಕೂಸು ಕಚರು. ಕಸವೆಂದು ಬರೆಸಿಕೊಂಡರೆ ಯಮನೂ ಎತ್ತಿಕೊಳ್ಳುವುದಿಲ್ಲ ಎಂಬ ಲೆಕ್ಕ. ಕಸ ಎತ್ತುವ ಗಾಡಿಯ ಬಗ್ಗೆ ಇಷ್ಟು ಹಳೆಯ ಸಂಶಯ ಬೇರೆ ನಾಗರಿಕತೆಯಲ್ಲಿದೆಯೋ ಶೋಧಿಸಬೇಕು. ಮೂರನೆಯ ವರ್ಗದ ಮಹಿಮೆ ಭಾಷಾಶಾಸ್ತ್ರಕ್ಕೆ ಸೇರಿದ್ದು. ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ, ಬಾಯಿಂದ ಬಾಯಿಗೆ ಹೋಗುವಾಗ ಅದೂ ಉದುರುತ್ತದೆ.

ಒಣ ಕಸವೆಂದು ಬರೆದ ಬುಟ್ಟಿಯಲ್ಲಿ ಹಸಿ ಕಸ ಕಂಡು ಕೆಲವರು ಸಿಟ್ಟಾಗುತ್ತಾರೆ. ಅವರಿಗೆ ಇತಿಹಾಸ ಗೊತ್ತಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡೊಂದು ಒಳಗಿನದೊಂದು ಎಂಬ ಪರಂಪರೆಯ ಮೊದಲರ್ಧವನ್ನು ನಾವು ಇಂದಿಗೂ ಉಳಿಸಿಕೊಂಡಿದ್ದೇವೆ.

ಈಗ ಮುಖ್ಯ ಪ್ರಕರಣ. ಸೋಯಾಕ್ಕೋ ತೊಗರಿಗೋ ಎಣ್ಣಿ, ಅಂದರೆ ಕೀಟನಾಶಕ, ಹೊಡೆದಾಯಿತು, ಡಬ್ಬಿ ಖಾಲಿ. ಏನು ಮಾಡತಕ್ಕದ್ದು? 1971ರ ಕೀಟನಾಶಕ ನಿಯಮಗಳ 44ನೆಯ ಸೂತ್ರದ ಪ್ರಕಾರ ಅದು ಮತ್ತೆ ಬಳಕೆಯಾಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕು. ಎಲೆಯಿಲ್ಲದಿದ್ದರೂ ಪಾಲಿಸುವುದಾದರೆ, 2016ರ ಘನ ತ್ಯಾಜ್ಯ ನಿಯಮಗಳ 4ನೆಯ ಸೂತ್ರದ ಪ್ರಕಾರ ತನ್ನ ಆವರಣದ ಹೊರಗೆ ಬಯಲಿನಲ್ಲಿ ಕಸ ಎಸೆಯಬಾರದಿತ್ತು, ಸುಡಬಾರದಿತ್ತು, ಹೂಳಲೂಬಾರದಿತ್ತು. ಸಮನ್ವಯ ಸುಲಭವಾಗಿತ್ತು: ಜಾಗ ವಸತಿಯಿಂದ ದೂರವೂ ಇರಬೇಕು, ತನ್ನದೂ ಆಗಿರಬೇಕು. ಅಂದರೆ ಸ್ವಂತ ಹೊಲ. ಹೊಲವಿಲ್ಲದ ಕೂಲಿಯವನು, ಬೆನ್ನಿಗೆ ಪಂಪು ಕಟ್ಟಿಕೊಂಡು ದಿನವಿಡೀ ಹೊಡೆದವನು ಅವನೇ ಆದರೂ, ಡಬ್ಬಿ ಹೂಳಲು ಅನಧಿಕಾರಿಯಾಗಿದ್ದ.

ಮೂರನೆಯ ದಾರಿಯೂ ಇತ್ತು. ಇಂಥ ಡಬ್ಬಿಗೆ ಗೃಹ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಟ್ಟು, ಪ್ರತಿ 20 ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರ ತೆರೆಯಬೇಕೆಂದು ಅದೇ ಗ್ರಂಥ ವಿಧಿಸಿತ್ತು. ಗ್ರಂಥದಲ್ಲಿ ಊರಿಗೇ ಎಲೆಯಿರಲಿಲ್ಲವೆಂದು ಮೇಲೆ ಕಂಡೆವು. ಕೊನೆಗೆ ಅಪಾಯಕಾರಿ ತ್ಯಾಜ್ಯದ ಅಂತ್ಯಕ್ರಿಯೆ ನಡೆಯುವ ಜಾಗವೆಂದು ಹೆಸರಾದದ್ದು ದಾಬಸ್‌ಪೇಟೆ, ಇಲ್ಲಿಂದ 600 ಕಿಲೋಮೀಟರಿಗೂ ಆಚೆ. ಕಾಶಿಗೆ ಹೋಗದವರೂ ಅಲ್ಲಿಗೆ ಹೋಗಲಿ ಎಂದು ಸೂತ್ರಕಾರರು ಬಯಸಿರಬೇಕು.

ಬಣ್ಣದ ವಿಚಾರ ಇನ್ನೂ ಸೂಕ್ಷ್ಮ. ಕಸದ ಬುಟ್ಟಿಯಲ್ಲಿ ಹಸಿರು ಎಂದರೆ ಕೊಳೆಯುವಂಥದ್ದು. ಎಣ್ಣಿ ಡಬ್ಬಿಯ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿಗಳಾದ ಮೇಲೆ ಬರುವ ಹಸಿರು ಎಂದರೆ ವಿಷ ಕಡಿಮೆ. ಹಸಿರು ಗುರುತಿನ ಡಬ್ಬಿಯನ್ನು ಹಸಿರು ಬುಟ್ಟಿಗೆ ಹಾಕಿದವನನ್ನು ಯಾವ ನ್ಯಾಯಾಧೀಶ ಶಿಕ್ಷಿಸಿಯಾನು?

ಸಂಶಯ ಪರಿಹಾರಕ್ಕಾಗಿ ಹೊಲದ ಬದುವಿನಲ್ಲಿ ಕೂತ ಆಯಿಯೊಬ್ಬರ ಬಳಿ ಹೋದೆ. “ಆಯಿ, ಈ ಡಬ್ಬಿ ಯಾವ ವರ್ಗಕ್ಕ ಸೇರ್ತದ?”

“ವರ್ಗ ಗಿರ್ಗ ಏನ್ ತಮ್ಮಾ. ದನಾ ಮೂಸಲ್ಲ, ತಿಪ್ಪಿ ತಿನ್ನಲ್ಲ, ಭಂಗಾರದಾಂವ ಭೀ ವಾಸನಿ ನೋಡಿ ತಿರಗಿ ಕೊಡ್ತಾನ.”

ಅಪಾಯಕಾರಿ ತ್ಯಾಜ್ಯಕ್ಕೆ ಇದಕ್ಕಿಂತ ಅಡಕವಾದ ವ್ಯಾಖ್ಯೆ ಆರೂ ಗ್ರಂಥಗಳಲ್ಲಿ ನನಗೆ ಸಿಕ್ಕಿಲ್ಲ. “ಹಂಗಾರ ಇದಕ್ಕೇನು ಮಾಡ್ತೀರಿ?” ಎಂದೆ. ಆಕೆ ಮಾತಾಡದೆ ಜೋಳದ ಕಡೆ ಕೈ ತೋರಿಸಿದರು. ಗೂಟಕ್ಕೆ ಕಟ್ಟಿದ ದಾರದಲ್ಲಿ, ಹೊಟ್ಟೆಯೊಳಗೆ ಎರಡು ಹರಳು ತುಂಬಿಕೊಂಡು, ಹೋದ ಹಂಗಾಮಿನ ಡಬ್ಬಿ ತೂಗುತ್ತಿತ್ತು. ಗಾಳಿ ಬಂತು, ಗುಬ್ಬಿಗಳು ಎದ್ದವು.

ಖಟಕ್. ಖಟಕ್.

ವ್ಯುತ್ಪತ್ತಿಯನ್ನು ಮರಳಿ ಮಂಡಿಸುತ್ತಿದ್ದೇನೆ.